ಪಾಪದ ದಾಸತ್ವದಿಂದ ಬಿಡುಗಡೆ: ರೋಮಾಪುರದವರಿಗೆ 6ನೆಯ ಅಧ್ಯಾಯದ ಟಿಪ್ಪಣಿ

ಬೆಟಗೇರಿಯ ನಮ್ಮ ಸಭೆಯ ಸತ್ಯವೇದ ಅಧ್ಯಯನದಲ್ಲಿ ಈಗ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆ ನಡೆದಿದೆ. ಅದರ ಆರನೆಯ ಅಧ್ಯಾಯವನ್ನು ಯೋಹಾನ 8:31-36ರ ಜೊತೆಗಿಟ್ಟು ಓದುವುದೇ ಒಳ್ಳೆಯದೆಂದು ನನಗೆ ತೋರಿದ್ದರಿಂದ ಎರಡನ್ನೂ ಕೂಡಿಸಿ ಬರೆಯುತ್ತಿದ್ದೇನೆ.

ಯೋಹಾನನ ಭಾಗ ಸರಳವಾಗಿದೆ. ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದೆಂದು ಯೇಸು ಹೇಳಿದಾಗ, ತಾವು ಅಬ್ರಹಾಮನ ಸಂತತಿಯವರು, ಯಾರಿಗೂ ಎಂದೂ ದಾಸರಾಗಿರಲಿಲ್ಲ ಎಂದು ಕೇಳುಗರು ವಾದಿಸುತ್ತಾರೆ. ಅವರ ಜನ ಹಿಂದೆ ಅಧೀನವಾಗಿದ್ದ ಐಗುಪ್ತವನ್ನಾಗಲಿ, ಬಾಬೆಲನ್ನಾಗಲಿ, ಆಗ ಆಳುತ್ತಿದ್ದ ರೋಮನ್ನಾಗಲಿ ಯೇಸು ಎತ್ತುವುದಿಲ್ಲ. ಪಾಪ ಮಾಡುವ ಪ್ರತಿಯೊಬ್ಬನೂ ಪಾಪಕ್ಕೆ ದಾಸನೆಂದು ಮಾತ್ರ ಹೇಳುತ್ತಾನೆ.

ಕಠಿಣವಾದದ್ದು ರೋಮಾಪುರ 6:18. ಪಾಪದಿಂದ ಬಿಡುಗಡೆಯಾದವರು ನೀತಿಗೆ ದಾಸರಾದರೆಂದು ಪೌಲನು ಬರೆಯುತ್ತಾನೆ. ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಕೈಕೆಳಗೆ ಹೋಗುವುದು ಬಿಡುಗಡೆ ಹೇಗಾದೀತು? ಈ ಪ್ರಶ್ನೆಯನ್ನು ದಾಟದೆ ಮುಂದಿನ ವಚನಗಳನ್ನು ಓದಿದರೆ ಏನೂ ದಕ್ಕುವುದಿಲ್ಲ. ಉತ್ತರದ ಎಳೆಗಳು ಅದೇ ಅಧ್ಯಾಯದಲ್ಲಿವೆ. 16ನೆಯ ವಚನದ ಪ್ರಕಾರ ಮನುಷ್ಯನು ಯಾರಿಗೆ ವಿಧೇಯನಾಗುತ್ತಾನೋ ಅವರಿಗೇ ದಾಸ. ಯಾರಿಗೂ ಸೇರದ ನಡುವಿನ ಜಾಗವೊಂದನ್ನು ಪೌಲನು ಒಪ್ಪುವುದಿಲ್ಲ. 19ನೆಯ ವಚನದಲ್ಲಿ, ಕೇಳುವವರ ಬಲಹೀನತೆಯ ದೆಸೆಯಿಂದ ಲೋಕರೂಢಿಯ ಮಾತನ್ನು ಬಳಸುತ್ತಿದ್ದೇನೆಂದು ಅವನೇ ತಿಳಿಸುತ್ತಾನೆ, ಅಂದರೆ ಎರಡನೆಯ ದಾಸತ್ವವನ್ನು ಮೊದಲನೆಯದರ ಅಳತೆಯಲ್ಲೇ ಅಳೆಯಬಾರದು. ಇನ್ನು 23ನೆಯ ವಚನ ನನಗೆ ಎಲ್ಲಕ್ಕಿಂತ ಹತ್ತಿರದ ದಾರಿ: ಪಾಪವು ಕೊಡುವುದು ಸಂಬಳ, ಅದು ಮರಣ, ದೇವರು ಕೊಡುವುದು ಉಚಿತ ವರ, ಅದು ನಿತ್ಯಜೀವ. ಎರಡೂ ಕಡೆ ಸಂಬಳವೇ ಇದ್ದಿದ್ದರೆ ಯಜಮಾನ ಬದಲಾದನೆಂದಷ್ಟೇ ಹೇಳಬಹುದಿತ್ತು. ಎಲ್ಲಿ ಗೊಂದಲವಾದರೂ ಮೊದಲು ಈ ವಚನಕ್ಕೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿರಿ.

ನಮ್ಮ ಹೊಲಗಳ ಜೀತವನ್ನು ನೆನೆದರೆ ಇದು ಇನ್ನಷ್ಟು ತಿಳಿಯುತ್ತದೆ. 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯು ಜೀತಗಾರನನ್ನು ಬಿಡಿಸಿದ್ದಲ್ಲದೆ ಅವನನ್ನು ಕಟ್ಟಿಹಾಕಿದ್ದ ಸಾಲವನ್ನೂ ರದ್ದುಮಾಡಿತು. ಆದರೆ ಹೊರಬಂದವನಿಗೆ ಮನೆಯೂ ದುಡಿಮೆಯೂ ಇಲ್ಲದಿದ್ದರೆ ಅದೇ ಸಾಹುಕಾರನ ಬಾಗಿಲು ಅವನನ್ನು ಮತ್ತೆ ಕರೆಯುತ್ತದೆ. ಪಾಪದ ಬಿಡುಗಡೆಯಲ್ಲಿ ಸಾಲ ತೀರಿದ ಸಂಗತಿ ರೋಮಾಪುರ 6:7ರಲ್ಲಿದೆ: ಸತ್ತವನ ಮೇಲೆ ಪಾಪಕ್ಕೆ ಹಕ್ಕಿಲ್ಲ, ದೀಕ್ಷಾಸ್ನಾನದಲ್ಲಿ ವಿಶ್ವಾಸಿಯು ಕ್ರಿಸ್ತನ ಮರಣದಲ್ಲಿ ಪಾಲುಗಾರನಾಗಿದ್ದಾನೆ. ಮನೆ ಸಿಗುವ ಸಂಗತಿ ಯೋಹಾನ 8:35ರಲ್ಲಿದೆ: ದಾಸನು ಮನೆಯಲ್ಲಿ ಸದಾಕಾಲ ಇರುವುದಿಲ್ಲ, ಮಗನು ಇರುತ್ತಾನೆ. ಬಿಡುಗಡೆ ಮಾಡುವವನು ಮಗನಾದ ಯೇಸುವೇ ಆದ್ದರಿಂದ, ಬಿಡುಗಡೆಯಾದವನು ಬೀದಿಗೆ ಬೀಳದೆ ಆ ಮನೆಯ ಮಕ್ಕಳಲ್ಲಿ ಒಬ್ಬನಾಗುತ್ತಾನೆ. ರೋಮಾಪುರ 8:15 ದಾಸತ್ವದ ಆತ್ಮಕ್ಕೆ ಎದುರಾಗಿ ದತ್ತುಪುತ್ರರ ಆತ್ಮವನ್ನು ಇಡುವುದು ಇದೇ ಕಾರಣಕ್ಕೆ, ಮತ್ತು ನೀತಿಯ ಸೇವೆಯನ್ನು ನಾನು ಮಗನ ವಿಧೇಯತೆಯೆಂದೇ ಓದುತ್ತೇನೆ.

ರೋಮಾಪುರದ ಏಳನೆಯ ಅಧ್ಯಾಯದಲ್ಲಿ ಬಯಸಿದ ಒಳ್ಳೆಯದನ್ನು ಮಾಡಲಾರದ "ನಾನು" ಯಾರೆಂಬ ಚರ್ಚೆ ಹಳೆಯದು. ಪ್ರಾಚೀನ ಸಭೆಯ ಬೋಧಕನಾದ ಅಗಸ್ಟೀನನು ಮೊದಲು ಅದನ್ನು ಮೋಶೆಯ ಧರ್ಮಶಾಸ್ತ್ರಕ್ಕೆ ಅಧೀನನಾದ ಮನುಷ್ಯನ ಮಾತೆಂದು ಓದಿ, ಮುಂದೆ ವಿಶ್ವಾಸಿಯ ಮಾತೂ ಆಗಬಹುದೆಂದು ಅಭಿಪ್ರಾಯ ಬದಲಿಸಿದನು. ನನಗೆ ಎರಡನೆಯದು ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಗಲಾತ್ಯ 5:1ರಲ್ಲಿ ಪೌಲನು ದಾಸತ್ವದ ನೊಗಕ್ಕೆ ಮತ್ತೆ ಸಿಕ್ಕಬೇಡಿರೆಂದು ಎಚ್ಚರಿಸುವುದು ಈಗಾಗಲೇ ಬಿಡುಗಡೆಯಾದವರನ್ನೇ.