ಕಲ್ಲೇ ಸಾಕು ಎಂದವರ ಹಾಡು

1893ರ ಜನವರಿಯಲ್ಲಿ ಹವಾಯಿಯ ರಾಣಿ ಲಿಲಿಉಓಕಲಾನಿಯನ್ನು ಸಿಂಹಾಸನದಿಂದ ಇಳಿಸಲಾಯಿತು. ಬೆನ್ನಲ್ಲೇ ಅರಮನೆಯ ವಾದ್ಯವೃಂದದವರಿಗೆ ಹೊಸ ಸರ್ಕಾರಕ್ಕೆ ನಿಷ್ಠೆ ತೋರುವ ಪ್ರಮಾಣಪತ್ರಕ್ಕೆ ಸಹಿ ಹಾಕುವಂತೆ ಅಪ್ಪಣೆಯಾಯಿತು. ಹಾಕದಿದ್ದರೆ ಕಲ್ಲು ತಿನ್ನಬೇಕಾದೀತು ಎಂಬ ಬೆದರಿಕೆಯೂ ಬಂತು. ವಾದಕರು ಸಹಿ ಹಾಕಲಿಲ್ಲ. ರಾಣಿಯ ಗೆಳತಿ ಎಲೆನ್ ಪ್ರೆಂಡರ್‌ಗಾಸ್ಟ್ ಅವರ ಮನೆಗೆ ಹೋಗಿ, ತಮ್ಮ ಮನಸ್ಸಿನಲ್ಲಿರುವುದನ್ನು ಹಾಡಾಗಿ ಕಟ್ಟಿಕೊಡಿ ಎಂದು ಕೇಳಿಕೊಂಡರು. ‘ಕೌಲಾನಾ ನಾ ಪುಅ’ ಹುಟ್ಟಿದ್ದು ಹಾಗೆ. ಸರ್ಕಾರದ ಹಣ ನಮಗೆ ಬೇಡ, ನಮ್ಮ ನೆಲದ ಕಲ್ಲೇ ಸಾಕು ಎನ್ನುತ್ತದೆ ಆ ಹಾಡು. ಅದರ ರಾಗವಾದರೋ ಹಬ್ಬದ ದಿನದ ಹಾಡಿನಷ್ಟು ಹಗುರ. ಭಾಷೆ ಬಾರದವರು ಕೇಳಿದರೆ ಖುಷಿಯಿಂದ ತಾಳ ಹಾಕಿಯಾರು. ಭಾಷೆ ಬಲ್ಲ ಹಿರಿಯರು ಮಾತ್ರ ಅದನ್ನು ಪವಿತ್ರವೆಂದು ತಿಳಿದು, ಅದಕ್ಕೆ ಹುಲಾ ನೃತ್ಯ ಕೂಡದು ಎನ್ನುತ್ತಿದ್ದರು.

ಹವಾಯಿಯ ಸಂಗೀತದ ಕಥೆಯುದ್ದಕ್ಕೂ ಇದೇ ಕಾಣುತ್ತದೆ. ರಾಗ ಲೋಕವನ್ನೆಲ್ಲ ಸುತ್ತಿತು, ಮಾತು ಮನೆಯಲ್ಲೇ ಸೊರಗಿತು.

ಅಲ್ಲಿ ಹಾಡಿಗೆ, ಪಠಣಕ್ಕೆ ಎಲ್ಲಕ್ಕೂ ‘ಮೆಲೆ’ ಎಂದೇ ಹೆಸರು. ವಂಶಾವಳಿ, ದೇವರ ಸ್ತುತಿ, ಊರಿನ ವರ್ಣನೆ ಎಲ್ಲವೂ ಮೆಲೆಯೇ. 1820ರಲ್ಲಿ ಬಂದ ಅಮೆರಿಕದ ಮಿಷನರಿಗಳು ಕೀರ್ತನೆಗಳನ್ನೂ ಲಿಪಿಯನ್ನೂ ತಂದರು. ದನ ಕಾಯಲು ಬಂದ ಮೆಕ್ಸಿಕೋದವರು ಗಿಟಾರ್ ತಂದರು. 1879ರಲ್ಲಿ ಮದೈರಾ ದ್ವೀಪದಿಂದ ಹಡಗಿನಲ್ಲಿ ಬಂದ ಪೋರ್ಚುಗೀಸ್ ಬಡಗಿಗಳ ಪುಟ್ಟ ವಾದ್ಯ ‘ಉಕುಲೆಲೆ’ ಆಯಿತು. ಇವೆಲ್ಲವನ್ನೂ ಮೆಲೆ ಅರಗಿಸಿಕೊಂಡಿತು. ಅರಸುಮನೆತನದವರೇ ವಾಗ್ಗೇಯಕಾರರಾಗಿದ್ದರು. 1895ರಲ್ಲಿ ಅರಮನೆಯ ಕೋಣೆಯೊಂದರಲ್ಲಿ ಸೆರೆಯಲ್ಲಿದ್ದ ರಾಣಿಗೆ ಪತ್ರಿಕೆ ಓದಲು ಬಿಡುತ್ತಿರಲಿಲ್ಲ. ಕಾಗದ, ಸೀಸದ ಕಡ್ಡಿಗೆ ಮಾತ್ರ ಅಡ್ಡಿ ಇರಲಿಲ್ಲ. ಆಕೆ ಸ್ವರಲಿಪಿಯ ಗೆರೆಗಳನ್ನು ತಾನೇ ಎಳೆದುಕೊಂಡು, ವಾದ್ಯವಿಲ್ಲದೆ ಬಾಯಲ್ಲೇ ಹಾಡಿ ನೋಡಿಕೊಂಡು ಹಾಡುಗಳನ್ನು ಬರೆದರು.

ಮಾತು ಕಳೆದರೆ ಏನು ಕಳೆಯುತ್ತದೆ ಎಂಬುದಕ್ಕೆ ‘ಹಿಇಲವೆ’ ಎಂಬ ಹಾಡನ್ನು ನೋಡಬೇಕು. ಹಿಇಲವೆ ಎಂಬುದು ವೈಪಿಓ ಕಣಿವೆಯ ಎತ್ತರದ ಜಲಪಾತ. ಎಲ್ಲರ ಕಣ್ಣೂ ಅದರ ಮೇಲೆ, ಕಣಿವೆಯ ತುಂಬ ಹಕ್ಕಿಗಳ ಚಿಲಿಪಿಲಿ, ಅವುಗಳಿಂದ ತಪ್ಪಿಸಿಕೊಂಡೆ ಎನ್ನುತ್ತದೆ ಹಾಡು. ಮೇಲುನೋಟಕ್ಕೆ ಪ್ರಕೃತಿ ವರ್ಣನೆ. ಆದರೆ ಆ ಹಕ್ಕಿಗಳು ಚಾಡಿ ಹೇಳುವ ಊರ ಬಾಯಿಗಳು, ಜಲಪಾತದ ಮರೆಯಲ್ಲಿರುವುದು ಗುಟ್ಟಿನ ಪ್ರೇಮ. ಹೀಗೆ ಒಳಗೆ ಅಡಗಿಸಿಟ್ಟ ಅರ್ಥವನ್ನು ಅವರು ‘ಕಾವೊನ’ ಎನ್ನುತ್ತಾರೆ. ನಿಘಂಟು ಹಿಡಿದು ಕುಳಿತರೂ ಅದು ಕೈಗೆ ಸಿಗುವುದಿಲ್ಲ, ಊರು ಬಲ್ಲವರು ಹೇಳಿಕೊಡಬೇಕು.

ಹೇಳಿಕೊಡುವವರ ಸರಪಣಿಯನ್ನೇ 1896ರ ಕಾಯ್ದೆ ಕತ್ತರಿಸಿತು. ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದಾಯಿತು, ಮನೆಮಾತು ಆಡಿದ ಮಕ್ಕಳು ಏಟು ತಿಂದರು. ಅದೇ ಹೊತ್ತಿಗೆ ಹೊರಗಡೆ ಹವಾಯಿ ಸಂಗೀತಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. 1915ರ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದ ಬಳಿಕ ಇಂಗ್ಲಿಷ್ ಸಾಹಿತ್ಯಕ್ಕೆ ಒಂದೆರಡು ಹವಾಯಿ ಪದ ಪೋಣಿಸಿದ ‘ಹಪಾ ಹಾವೊಲೆ’ ಹಾಡುಗಳು, ಅಂದರೆ ಅರೆ ಪರದೇಶಿ ಹಾಡುಗಳು, ಎಲ್ಲೆಡೆ ಹಬ್ಬಿದವು. ಜೋಸೆಫ್ ಕೆಕುಕು ರೂಪಿಸಿದ, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಸ್ಟೀಲ್ ಗಿಟಾರ್ ನಮ್ಮಲ್ಲಿಗೂ ಬಂತು. ಹವಾಯಿಯಲ್ಲಿ ಬೆಳೆದ ಟೌ ಮೋಯೆ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿದ್ದು ಅದನ್ನು ನುಡಿಸಿದರು, ಕಲಿಸಿದರು. ಮುಂದೆ ಹಿಂದೂಸ್ತಾನಿ ಸಂಗೀತವೂ ಅದನ್ನು ಒಪ್ಪಿಕೊಂಡಿತು. ‘ಹವಾಯಿಯನ್ ಗಿಟಾರ್’ ಎಂಬ ಹೆಸರು ನಮಗೆ ಚಿರಪರಿಚಿತ. ಆ ಭಾಷೆಯ ಒಂದು ಸಾಲು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ತಿರುವು ತಂದವರಲ್ಲಿ ಉಕುಲೆಲೆ ವಾದಕ ಎಡ್ಡಿ ಕಮಾಯೆ ಒಬ್ಬರು. 1960ರ ಸುಮಾರಿಗೆ ಗಿಟಾರ್ ವಾದಕ ಗ್ಯಾಬಿ ಪಹಿನುಯಿ ಜೊತೆ ತಂಡ ಕಟ್ಟಿದ ಮೇಲೆ ಅವರು ಹಳೆಯ ಹಾಡುಗಳ ಬೆನ್ನು ಹತ್ತಿದರು. ನಿಘಂಟುಕಾರ್ತಿ ಮೇರಿ ಕವೇನಾ ಪುಕುಯಿ ಕಮಾಯೆಗೆ ದಾರಿ ತೋರಿದರು. ವೈಪಿಓ ಕಣಿವೆಯಲ್ಲಿ ಸ್ಯಾಮ್ ಲಿಅ ಎಂಬ ಮುದುಕರು ಸಿಕ್ಕರು, ಹಾಡನ್ನೇ ಉಡುಗೊರೆಯಾಗಿ ಕೊಡುತ್ತಿದ್ದವರು. ಇಂಥ ಹಿರಿಯರ ಮುಂದೆ ಕುಳಿತು ಸಾಲು ಸಾಲಾಗಿ ಅರ್ಥ ಕೇಳಿ ತಿಳಿದುಕೊಂಡ ಆ ತಾಳ್ಮೆಯನ್ನು ನಾನು ಅವರ ವಾದನಕ್ಕಿಂತ ದೊಡ್ಡದೆಂದು ಭಾವಿಸುತ್ತೇನೆ.

1972ರಲ್ಲಿ ಲ್ಯಾರಿ ಕಿಮುರಾ ರೇಡಿಯೋದಲ್ಲಿ ಹಿರಿಯರನ್ನು ಅವರದೇ ಭಾಷೆಯಲ್ಲಿ ಮಾತನಾಡಿಸತೊಡಗಿದರು. 1978ರಲ್ಲಿ ಹವಾಯಿ ಭಾಷೆ ರಾಜ್ಯದ ಅಧಿಕೃತ ಭಾಷೆಯಾಯಿತು. 1984ರಲ್ಲಿ ಕವಾಯಿ ದ್ವೀಪದಲ್ಲಿ ಮೊದಲ ‘ಪೂನಾನಾ ಲೇಓ’ ಶಿಶುವಿಹಾರ ತೆರೆಯಿತು. ಆ ಹೆಸರಿಗೆ ಮಾತಿನ ಗೂಡು ಎಂದರ್ಥ. ಆ ಹೊತ್ತಿಗೆ ಆ ಭಾಷೆ ಆಡುವ ಮಕ್ಕಳು 50ಕ್ಕಿಂತ ಕಡಿಮೆ ಎಂಬ ಅಂದಾಜಿತ್ತು.

ಇಷ್ಟಾದರೂ, 2005ರಲ್ಲಿ ಹವಾಯಿ ಸಂಗೀತಕ್ಕೆಂದು ಗ್ರ್ಯಾಮಿ ಪ್ರಶಸ್ತಿ ಶುರುವಾದಾಗ ಮೊದಲ ಬಾರಿ ಗೆದ್ದದ್ದು ಬರಿಯ ಗಿಟಾರ್ ವಾದನದ ಸಂಕಲನ. ಭಾಷೆಯಲ್ಲಿ ಹಾಡುವವರಿಗೆ ಅದು ನೋವಾಗದೆ ಇದ್ದೀತೆ? ಆ ವಿಭಾಗವೇ 2011ರ ನಂತರ ಮುಚ್ಚಿಹೋಯಿತು. 2017ರಲ್ಲಿ ಪ್ರಾದೇಶಿಕ ಸಂಗೀತದ ವಿಭಾಗದಲ್ಲಿ ಹವಾಯಿ ಭಾಷೆಯಲ್ಲಿ ಹಾಡುವ ಕಲಾನಿ ಪೇಆ ಗೆದ್ದರು. ಹಿಲೋ ಊರಿನ ಹವಾಯಿ ಮಾಧ್ಯಮದ ಶಾಲೆಯಲ್ಲಿ ಓದಿದವರು ಅವರು. ಪ್ರಶಸ್ತಿ ಗೆದ್ದ ಆಲ್ಬಮ್‌ನಲ್ಲಿ ಹಿಲೋಗೆಂದೇ ಅವರು ಕಟ್ಟಿದ ಹಾಡೊಂದಿದೆ.