ಕಂದಕದಲ್ಲಿ ಹುಟ್ಟಿದ ಪ್ರೀತಿ: ನಿಜವೋ, ಕಲ್ಪನೆಯೋ?

ಪ್ರಶ್ನೆ: ಮಹಾಯುದ್ಧದ ಕಾಲದ ಕಾದಂಬರಿಗಳಲ್ಲಿ ಇಬ್ಬರು ಸೈನಿಕರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆಗಳನ್ನು ಓದಿದ್ದೇನೆ. ಆಗ ನಿಜಕ್ಕೂ ಹೀಗಿತ್ತಾ? ಅಥವಾ ಇಂದಿನ ಲೇಖಕರು ಸುಮ್ನೆ ಸೇರಿಸಿದ್ದಾ?

ಇತ್ತು. ಬ್ರಿಟನ್ನಿನಲ್ಲಿ ಇದಕ್ಕೆ ಗಟ್ಟಿ ಸಾಕ್ಷಿಯೇ ಇದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಒಬ್ಬರು 2008ರಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ನೂರಾರು ಪ್ರೇಮಪತ್ರಗಳು ಸಿಕ್ಕವು. ಕೆಳಗೆ ‘ಜಿ’ ಎಂದಷ್ಟೇ ಸಹಿ. ಯಾರೋ ಹುಡುಗಿ ಇರಬೇಕು ಎಂದುಕೊಂಡರು. ಆಮೇಲೆ ಗೊತ್ತಾಯಿತು, ಜಿ ಎಂದರೆ ಗಾರ್ಡನ್. ತನ್ನ ಪತ್ರಗಳನ್ನೆಲ್ಲ ನಾಶಮಾಡು ಎಂದು ಗಾರ್ಡನ್ ಒಮ್ಮೆ ಬೇಡಿಕೊಂಡಿದ್ದ. ಇನ್ನೊಮ್ಮೆ, ಮುಂದೆ ಒಳ್ಳೆಯ ಕಾಲ ಬಂದಾಗ ಇವೆಲ್ಲ ಅಚ್ಚಾದರೆ ಎಷ್ಟು ಚೆನ್ನ ಎಂದೂ ಬರೆದಿದ್ದ. ಸದ್ಯ, ಪತ್ರಗಳು ಉಳಿದವು. ಈಗ ಆಸ್‌ವೆಸ್ಟ್ರಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿವೆ.

ನಾಶಮಾಡು ಅಂದದ್ದರ ಹಿಂದೆ ನಿಜವಾದ ಭಯವಿತ್ತು. 1885ರ ಕಾನೂನಿನ ಪ್ರಕಾರ ಗಂಡಸರ ನಡುವಿನ ಸಂಬಂಧಕ್ಕೆ ಎರಡು ವರ್ಷದವರೆಗೂ ಜೈಲು. ಸೈನಿಕನಾದರೆ ಕೋರ್ಟ್ ಮಾರ್ಷಲ್. ಮೊದಲನೇ ಮಹಾಯುದ್ಧದಲ್ಲಂತೂ ಫ್ರಾನ್ಸಿನ ಕಂದಕದಿಂದ ಸಿಪಾಯಿ ಬರೆದ ಕಾಗದವನ್ನು ಸಾಮಾನ್ಯವಾಗಿ ಅವನ ತುಕಡಿಯ ಅಧಿಕಾರಿಯೇ ಓದಿ ಮುಂದೆ ಕಳಿಸುತ್ತಿದ್ದ. ಅಂಥ ಕಾಗದದಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ? ಆ ಯುದ್ಧದಲ್ಲಿ ಹೋರಾಡುತ್ತಿದ್ದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವನ್ 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರ ಇರುವಾಗ, ಸತ್ತ. ಅವನೇ ಹೇಳಿಟ್ಟಿದ್ದಂತೆ ತಾಯಿ ಒಂದು ಮೂಟೆ ಕಾಗದ ಸುಟ್ಟರು. ಅದರಲ್ಲಿ ಏನಿತ್ತೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಕಾದಂಬರಿಕಾರರು ಕೈ ಹಾಕುವುದು ಹೀಗೆ ಸುಟ್ಟುಹೋದ ಜಾಗಕ್ಕೇ. ಅದನ್ನು ನಾನು ಸುಳ್ಳು ಅನ್ನಲಾರೆ.

ಆದರೆ ಅಲ್ಲೊಂದು ಎಚ್ಚರ ಬೇಕು. 1916ರ ಸಿಪಾಯಿಯ ಬಾಯಲ್ಲಿ ಇಂದಿನ ‘ಗೇ’ ಎಂಬ ಪದವನ್ನೋ, ‘ನನ್ನ ಗುರುತು’ ಎಂಬ ಭಾಷಣವನ್ನೋ ಇಟ್ಟರೆ ನನಗೆ ಕಥೆ ಅಲ್ಲೇ ಒಡೆದುಹೋಗುತ್ತದೆ. ಹೆಚ್ಚಿನವರಿಗೆ ತಮ್ಮನ್ನು ಏನೆಂದು ಕರೆದುಕೊಳ್ಳಬೇಕು ಎಂಬುದೇ ತಿಳಿದಿರಲಿಲ್ಲ. ಅವರ ಬಳಿ ಇದ್ದದ್ದು ‘ಗೆಳೆಯ’ ಎಂಬ ಮಾತು. ಆ ಮಾತಿನ ಮರೆಯಲ್ಲಿ ಎಷ್ಟೋ ನಡೆಯುತ್ತಿತ್ತು. ಚಳಿಗೆ ಒಂದೇ ಕಂಬಳಿ ಹೊದ್ದು ಮಲಗಿದರೆ ಯಾರೂ ಕೇಳುತ್ತಿರಲಿಲ್ಲ. ಸಾಯುವವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರೂ ತಪ್ಪೆನಿಸುತ್ತಿರಲಿಲ್ಲ. ಊರಿನಲ್ಲಿ ಮಾಡಲಾಗದ್ದನ್ನು ಯುದ್ಧ ಅಲ್ಲಿ ಮಾಡಗೊಟ್ಟಿತು, ಅಲ್ವಾ? ಸ್ನೇಹ ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಯಿತು ಎಂಬುದು ಎಷ್ಟೋ ಸಲ ಆ ಇಬ್ಬರಿಗೇ ತಿಳಿಯದೆ ಹೋಗಿರಬೇಕು. ಆ ಗೊಂದಲವನ್ನು ಬಿಡಿಸಲು ಹೋಗದೆ ಹಾಗೇ ಉಳಿಸಿಕೊಂಡ ಕಾದಂಬರಿಯೇ ನನಗೆ ಜಾಸ್ತಿ ನಿಜ ಅನಿಸುತ್ತದೆ.

ಯುದ್ಧ ಮುಗಿದ ಎಷ್ಟೋ ವರ್ಷಗಳ ಮೇಲೂ ಬಾಯಿ ಬಿಡದ ಮಾಜಿ ಸೈನಿಕ ಕಥೆಯಲ್ಲಿ ಬಂದರೆ ಅದನ್ನೂ ನಂಬಿ. 1967ರಲ್ಲಿ ಇಂಗ್ಲೆಂಡಿನ ಕಾನೂನು ಸಡಿಲವಾದಾಗಲೂ ಸೈನ್ಯವನ್ನು ಹೊರಗಿಟ್ಟರು. ಗಂಡಸನ್ನು ಪ್ರೀತಿಸುವ ಗಂಡಸು ಬ್ರಿಟಿಷ್ ಸೈನ್ಯದಲ್ಲಿ ಬಚ್ಚಿಟ್ಟುಕೊಳ್ಳದೆ ಇರಲು 2000ದ ವರೆಗೆ ಕಾಯಬೇಕಾಯಿತು.