ಕೋಪ ಯಾರ ಮೇಲೆ? ಕೆಲಸದ ಜಾಗದ ಇಮೋಷನಲ್ ಇಂಟೆಲಿಜೆನ್ಸ್, ಒಂದು ಅಧ್ಯಯನ ಟಿಪ್ಪಣಿ

ಈ ಪಾಠಕ್ಕೆ ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಬರೆದುಕೊಂಡಿದ್ದು ಒಂದೇ ಸಾಲು: ಭಾವನಾತ್ಮಕ ಬುದ್ಧಿವಂತಿಕೆ ಅಂದರೆ ತಾಳ್ಮೆಯಿಂದ, ನಗುಮುಖದಿಂದ ಇರುವುದು. ನಾನೂ ಹಾಗೇ ಬರೆದಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ಪುಸ್ತಕದಿಂದಲ್ಲ, ಕಾಫಿ ಒಣಗಿಸುವ ಕಣದಲ್ಲಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಜನವರಿ ತಿಂಗಳು, ಕೊಡಗಿನ ಸಿದ್ದಾಪುರದ ಕಡೆ ಒಂದು ತೋಟ. ರೊಬಸ್ಟಾ ಕಾಫಿ ಕುಯ್ಲು ಜೋರಾಗಿತ್ತು. ರಜೆಯಲ್ಲಿ ನಾನು ತೋಟದ ಲೆಕ್ಕ ಬರೆಯುವ ರೈಟರ್‌ಗೆ ಸಹಾಯಕ್ಕೆ ಹೋಗುತ್ತಿದ್ದೆ. ಸಂಜೆ ಚೀಲ ತೂಗಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಕುಯ್ಯುವವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಅವತ್ತು ತೂಕ ನಡೆಯುತ್ತಿದ್ದಾಗಲೇ ಮೋಡ ಕಟ್ಟಿತು. ಕಣದಲ್ಲಿ ಅರ್ಧ ಒಣಗಿದ ಕಾಫಿ ಹರಡಿತ್ತು. ನೆನೆದರೆ ಬೂಸ್ಟು ಹಿಡಿಯುತ್ತದೆ. ಅಷ್ಟರಲ್ಲಿ ಒಬ್ಬ ಅಕ್ಕ, “ಇನ್ನೊಂದ್ಸಲ ತೂಗಿ ನೋಡಿ, ನಿನ್ನೆಗಿಂತ ಕಮ್ಮಿ ಬಂದಿದೆ” ಅಂದರು. ನಾನು ರೇಗಿಬಿಟ್ಟೆ. ಎಲ್ಲರ ಎದುರಿಗೇ. ಮಾರನೇ ದಿನ ಅವರೂ ಬರಲಿಲ್ಲ, ಅವರ ಜೊತೆಯ ನಾಲ್ಕು ಜನರೂ ಬರಲಿಲ್ಲ. ಗಿಡದಲ್ಲಿ ಕಾಫಿ ಹಣ್ಣಾಗಿ ನಿಂತ ಕಾಲದಲ್ಲಿ ಐದು ಜೊತೆ ಕೈ ಕಮ್ಮಿಯಾದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಮೇಸ್ತ್ರಿ ಆಮೇಲೆ ಅಂದಿದ್ದು ಇಷ್ಟೇ: “ನಿಂಗೆ ಕೋಪ ಬಂದಿದ್ದು ಮೋಡದ ಮೇಲೆ ಮಾರಾಯ. ಬೈದಿದ್ದು ಅಕ್ಕನಿಗೆ.”

ಈಗ ಪಾಠಕ್ಕೆ ಬರೋಣ. ಪೀಟರ್ ಸಲೊವೆ ಮತ್ತು ಜಾನ್ ಮೇಯರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರಲ್ಲಿ ‘ಇಮೋಷನಲ್ ಇಂಟೆಲಿಜೆನ್ಸ್’ ಎಂಬ ಹೆಸರಿನಲ್ಲೇ ಒಂದು ಲೇಖನ ಬರೆದರು. 1997ರಲ್ಲಿ ಅದನ್ನೇ ತಿದ್ದಿ ನಾಲ್ಕು ಸಾಮರ್ಥ್ಯಗಳಾಗಿ ಬಿಡಿಸಿದರು: ಭಾವನೆಯನ್ನು ಗುರುತಿಸುವುದು, ಯೋಚನೆಗೆ ಬಳಸಿಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ನಿಭಾಯಿಸುವುದು. ಗಮನಿಸಿ, ನಗುಮುಖ ಈ ಪಟ್ಟಿಯಲ್ಲೇ ಇಲ್ಲ. ಇವರ ಪ್ರಕಾರ ಭಾವನೆ ಅಂದರೆ ಒಂದು ಸುದ್ದಿ. ಅದನ್ನು ಓದಲು ಬರಬೇಕು, ಅಷ್ಟೇ.

ನನ್ನ ಕಥೆಗೆ ಹಚ್ಚಿ ನೋಡಿ. ಆ ಅಕ್ಕನ ಮುಖದಲ್ಲಿ ಇದ್ದಿದ್ದು ಹಟವಲ್ಲ, ದಿನದ ಕೂಲಿ ಕಮ್ಮಿಯಾದೀತು ಎಂಬ ಭಯ. ನಾನು ಗುರುತಿಸಲಿಲ್ಲ. ನನ್ನೊಳಗಿದ್ದಿದ್ದೂ ಭಯವೇ. ಆ ಭಯ ಕೆಟ್ಟದ್ದೇನೂ ಅಲ್ಲ, ಟಾರ್ಪಾಲ್ ತರಲು ಓಡು ಅಂತ ಹೇಳುತ್ತಿತ್ತು. ಅದು ಬಳಸಿಕೊಳ್ಳುವ ಭಾಗ. ನಾವು ಸುಮ್ನೆ ಕೆಟ್ಟ ಭಾವನೆ, ಒಳ್ಳೆ ಭಾವನೆ ಅಂತ ಎರಡು ಗುಂಪು ಮಾಡಿಬಿಡುತ್ತೇವೆ. ಲೆಕ್ಕ ತಾಳೆ ನೋಡುವಾಗ ಸ್ವಲ್ಪ ಆತಂಕ ಇದ್ದರೇ ಒಳ್ಳೆಯದು ಅಲ್ವಾ? ಮೂರನೆಯದು, ಒಂದು ಭಾವನೆ ಇನ್ನೊಂದಾಗಿ ತಿರುಗುವುದನ್ನು ತಿಳಿಯುವುದು. ನನ್ನ ಭಯ ಹತ್ತೇ ಸೆಕೆಂಡಿನಲ್ಲಿ ಕೋಪವಾಯಿತು, ರಾತ್ರಿ ಹೊತ್ತಿಗೆ ನಾಚಿಕೆಯಾಯಿತು. ಮೇಸ್ತ್ರಿ ಓದಿದ್ದು ಈ ತಿರುವನ್ನೇ. ಅವರು ಸಲೊವೆ ಹೆಸರು ಕೇಳಿರಲಿಕ್ಕಿಲ್ಲ.

ನಾಲ್ಕನೆಯದರ ಹತ್ತಿರ ಸ್ವಲ್ಪ ನಿಲ್ಲಬೇಕು, ಪರೀಕ್ಷೆಯಲ್ಲಿ ಎಲ್ಲರೂ ಜಾರುವುದು ಇಲ್ಲೇ. ನಿಭಾಯಿಸುವುದು ಅಂದರೆ ನುಂಗಿಕೊಳ್ಳುವುದಲ್ಲ. ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ 1998ರಲ್ಲಿ ಹೇಳಿದ್ದು, ಭಾವನೆ ಹುಟ್ಟಿ ಬೆಳೆಯುವ ದಾರಿಯಲ್ಲಿ ಬೇರೆ ಬೇರೆ ಕಡೆ ಕೈ ಹಾಕಬಹುದು ಅಂತ. ಸಂದರ್ಭವನ್ನು ಬದಲಿಸಬಹುದು, ಗಮನ ಬೇರೆ ಕಡೆ ತಿರುಗಿಸಬಹುದು, ವಿಷಯವನ್ನು ಬೇರೆ ಥರ ನೋಡಬಹುದು. ಕಡೆಗೆ ಉಳಿಯುವುದು ಬಂದ ಭಾವನೆಯನ್ನು ಮುಖದ ಮೇಲೆ ತೋರಿಸದೆ ಅದುಮುವುದು. ಅದುಮಿದರೆ ಮುಖ ತಣ್ಣಗೆ ಕಾಣುತ್ತದೆ, ಒಳಗಿನ ಕುದಿತ ಹಾಗೇ ಇರುತ್ತದೆ. ಅದುಮುತ್ತಿದ್ದಾಗ ಎದುರಿನವರು ಹೇಳಿದ್ದು ನೆನಪಿನಲ್ಲೂ ಕಮ್ಮಿ ಉಳಿಯುತ್ತದೆ ಅಂತ ಗ್ರಾಸ್ ಅವರ ಮುಂದಿನ ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಕಣದಲ್ಲಿ ಸರಿಯಾದ ಉಪಾಯ ಉಸಿರು ಎಳೆದುಕೊಳ್ಳುವುದಾಗಿರಲಿಲ್ಲ. ತೂಕಕ್ಕೆ ಒಬ್ಬರು, ಕಣಕ್ಕೆ ಒಬ್ಬರು ಅಂತ ಮೊದಲೇ ಹಂಚಿಕೊಳ್ಳುವುದಾಗಿತ್ತು.

ಪತ್ರಕರ್ತ ಡೇನಿಯಲ್ ಗೋಲ್ಮನ್ ಹೆಸರು ಬಿಡುವ ಹಾಗಿಲ್ಲ. ಈ ಮಾತನ್ನು ಮನೆಮಾತು ಮಾಡಿದ್ದು ಅವರ 1995ರ ಪುಸ್ತಕ. ತನ್ನನ್ನು ತಾನು ಅರಿಯುವುದು, ತನ್ನ ಮೇಲೆ ಹಿಡಿತ, ಒಳಗಿನ ಹುರುಪು, ಇನ್ನೊಬ್ಬರ ಮನಸ್ಸು ಅರಿಯುವುದು, ಜನರೊಡನೆ ಬೆರೆಯುವ ಜಾಣ್ಮೆ, ಇವು ಅವರ ಐದು ಅಂಶಗಳು. ಉತ್ತರಕ್ಕೆ ಇಷ್ಟು ಸಾಕು. ಆದರೆ “ಯಶಸ್ಸಿಗೆ ನೂರಕ್ಕೆ 80 ಭಾಗ ಭಾವನಾತ್ಮಕ ಬುದ್ಧಿವಂತಿಕೆಯೇ ಕಾರಣ” ಅಂತ ದಯವಿಟ್ಟು ಬರೆಯಬೇಡಿ. ಗೋಲ್ಮನ್ ಬರೆದಿದ್ದು ಐಕ್ಯೂ, ಅಂದರೆ ಪರೀಕ್ಷೆಯಲ್ಲಿ ಅಳೆಯುವ ಬುದ್ಧಿಮತ್ತೆಯ ಪಾಲು ಹೆಚ್ಚೆಂದರೆ 20 ಅಂತ. ಉಳಿದ 80ರಲ್ಲಿ ಮನೆತನ, ಅದೃಷ್ಟ, ಇನ್ನೂ ಏನೇನೋ ಇವೆ. ಓದಿದವರು ಅಷ್ಟನ್ನೂ ಇದೊಂದಕ್ಕೇ ಬರೆದುಕೊಟ್ಟರು.

ಹಾಗಾದರೆ ಕೆಲಸದಲ್ಲಿ ಇದರ ಬೆಲೆ ಎಷ್ಟು? ಕೆಲಸ ಯಾವುದು ಅನ್ನುವುದರ ಮೇಲಿದೆ. ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಎಂಬ ಸಂಶೋಧಕರು 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಜನರ ಎದುರು ಮುಖಭಾವ ಕಾಯ್ದುಕೊಳ್ಳಬೇಕಾದ ಕೆಲಸಗಳಲ್ಲಿ ಇದಕ್ಕೂ ಕೆಲಸ ಚೆನ್ನಾಗಿ ಮಾಡುವುದಕ್ಕೂ ನಂಟು ಗಟ್ಟಿಯಾಗಿತ್ತು. ಬೇರೆ ಕೆಲಸಗಳಲ್ಲಿ ಅಷ್ಟಾಗಿ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ. ಹೋಂಸ್ಟೇ, ರೆಸಾರ್ಟ್, ಆಸ್ಪತ್ರೆ ವಾರ್ಡು, ಮಡಿಕೇರಿ ಬಸ್ಸಿನ ಕಂಡಕ್ಟರ್.

ಹೋಂಸ್ಟೇ ತೆಗೆದುಕೊಳ್ಳಿ. ಶನಿವಾರ ರಾತ್ರಿ ಹನ್ನೊಂದು ಗಂಟೆ, ಮಳೆ, ಕರೆಂಟಿಲ್ಲ. ಬೆಂಗಳೂರಿಂದ ಬಂದ ಕುಟುಂಬ ನೆಟ್‌ವರ್ಕ್ ಇಲ್ಲ ಅಂತ ಕೂಗಾಡುತ್ತದೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರನ್ನು ನೋಡಿ ಬರೆದ ಎರಡು ದಾರಿಗಳು ಇಲ್ಲಿ ಕಾಣುತ್ತವೆ. ಒಂದು, ಒಳಗೆ ಉರಿಯುತ್ತಿದ್ದರೂ ಹೊರಗೆ ನಗುವುದು. ಇನ್ನೊಂದು, ಪಾಪ, ಮಕ್ಕಳನ್ನು ಕಟ್ಟಿಕೊಂಡು ಕತ್ತಲಲ್ಲಿ ಘಾಟಿ ತಿರುವು ಹತ್ತಿ ಬಂದಿದ್ದಾರೆ ಅಂತ ಯೋಚಿಸಿ, ನಿಜಕ್ಕೂ ಮೆತ್ತಗಾಗುವುದು. ಎರಡನೆಯದರಲ್ಲಿ ಸುಸ್ತು ಕಮ್ಮಿ. ಆದರೆ ಅದೂ ಕೆಲಸವೇ. ಸೀಸನ್ನಿನಲ್ಲಿ ಹುಡುಗರಿಗೆ ನಿದ್ದೆ ಕೊಡದೆ “ನಗ್ತಾ ಇರಿ” ಅನ್ನುವ ಮಾಲೀಕರಿಗೆ ಈ ಪಾಠ ಬರೀ ಒಂದು ನೆವ ಅಂತ ನನ್ನ ಅನಿಸಿಕೆ. ತಕ್ಕಡಿಯೇ ತಪ್ಪು ತೋರಿಸುತ್ತಿದ್ದರೆ ಸರಿಪಡಿಸಬೇಕಾದ್ದು ತಕ್ಕಡಿಯನ್ನು, ಕೇಳಿದವರ ಮನಸ್ಸನ್ನಲ್ಲ.

ಕೊನೆಗೆ ಅಳತೆ. ಪ್ರಶ್ನಾವಳಿ ಕೊಟ್ಟು ನಿಮಗೆ ನೀವೇ ಅಂಕ ಹಾಕಿಕೊಳ್ಳಿ ಅನ್ನುವುದು ಒಂದು ಬಗೆ. ಮುಖದ ಚಿತ್ರ, ಸನ್ನಿವೇಶ ಕೊಟ್ಟು ಉತ್ತರ ಕೇಳುವುದು ಇನ್ನೊಂದು. ಮೇಯರ್, ಸಲೊವೆ, ಡೇವಿಡ್ ಕರೂಸೊ ಮಾಡಿದ ಪರೀಕ್ಷೆ ಎರಡನೇ ಬಗೆಯದು. ಎರಡರ ಫಲಿತಾಂಶ ಅಷ್ಟಾಗಿ ಹೊಂದುವುದಿಲ್ಲ. ಆಶ್ಚರ್ಯವೇನಿಲ್ಲ. ಆ ಸಂಜೆ ಮೋಡ ಕಟ್ಟುವುದಕ್ಕೆ ಮುಂಚೆ ಯಾರಾದರೂ ಕೇಳಿದ್ದರೆ, ಐದಕ್ಕೆ ನಾಲ್ಕು ಅಂತ ನಾನೇ ಹಾಕಿಕೊಳ್ಳುತ್ತಿದ್ದೆ.

ಆ ಅಕ್ಕ ಮೂರನೇ ದಿನ ವಾಪಸ್ ಬಂದರು. ತಪ್ಪಾಯ್ತು ಅಂದೆ, ಕೇಳುವ ಮೊದಲೇ ಚೀಲ ಎರಡು ಸಲ ತೂಗಿ ತೋರಿಸಿದೆ. ಅವತ್ತು ಆಕಾಶ ನೀಲಿಯಾಗಿತ್ತು, ಹಾಗಾಗಿ ಅದಕ್ಕೆ ನನಗೆ ಅಂಕ ಕೊಡಬೇಡಿ.